ಐದನೆಯ ಸಹಿ

ಜನವರಿ ೮, ಸೋಮವಾರ

ಬೆಳಗಿನ ಜಾವ ನಾಲ್ಕು ಹತ್ತು. ಬಾಲ್ಕನಿಯಲ್ಲಿ ಕೋಸು ಹುಳಿಬರಿಸಲು ಇಟ್ಟ ಪೀಪಾಯಿಯ ಮುಚ್ಚಳ ದಡಾರನೆ ಬಿದ್ದ ಸದ್ದಿಗೆ ಎಚ್ಚರವಾಯಿತು. ಅದರ ಮೇಲಿನ ಕಲ್ಲನ್ನು ಅತ್ತೆ ನಿನ್ನೆ ತೊಳೆದು ಪಕ್ಕಕ್ಕಿಟ್ಟವರು ಮತ್ತೆ ಹೇರಲು ಮರೆತಿದ್ದರು. ಬೆಕ್ಕೋ, ನದಿಯ ಕಡೆಯ ಗಾಳಿಯೋ. ನಾನು ಮೊದಲು ನೋಡಿದ್ದು ಪಕ್ಕದಲ್ಲಿ ಮಲಗಿದ್ದ ಮಗ ಆಸೆನ್‌ನ ಎದೆಯನ್ನು. ಏಳುತ್ತಿತ್ತು, ಇಳಿಯುತ್ತಿತ್ತು. ಮೂಗಿನ ಮುಂದೆ ಬೆರಳು ಹಿಡಿದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡೆ. ಆಮೇಲೆ ಹೋಗಿ ಮುಚ್ಚಳ ಮುಚ್ಚಿದೆ. ಹೋದ ನಿದ್ದೆ ಬರಲಿಲ್ಲ. ಅವನು ಹುಟ್ಟಿದ ಹದಿಮೂರು ತಿಂಗಳಿಂದ ಒಮ್ಮೆ ಹೋದದ್ದು ಮತ್ತೆ ಬಂದದ್ದೇ ಇಲ್ಲ. ಅದಕ್ಕೇ ಈ ಪುಸ್ತಕ.

ಇವತ್ತು ಎಂಟಕ್ಕೆ ಪುರಸಭೆಯಲ್ಲಿರಬೇಕು. ವಿದ್ಯಾರ್ಥಿಗಳಿಗೆ ಸಂಬಳ ಕೊಟ್ಟು ಸರ್ಕಾರಿ ಕಚೇರಿಯ ಕೆಲಸ ಕಲಿಸುವ ಯೋಜನೆಯಲ್ಲಿ ನಮ್ಮ ಊರಿಗೆ ಬಂದದ್ದು ಒಂದೇ ಜಾಗ. ನಾನು ಮನೆಯಲ್ಲಿ ಕೂತು ದೂರಶಿಕ್ಷಣದಲ್ಲಿ ಎಂ.ಎ. ಓದುವವಳು, ಮಡಿಲಲ್ಲಿ ಕೂಸಿರುವವಳು. ಸಿಗಲಾರದೆಂದೇ ಅರ್ಜಿ ಹಾಕಿದ್ದೆ. ಸಿಕ್ಕಿಬಿಟ್ಟಿತು. ದಿನಕ್ಕೆ ಆರು ಗಂಟೆ, ಏಪ್ರಿಲ್ ಹನ್ನೆರಡರವರೆಗೆ. ಆಮೇಲೆ ಅವರು ಮುಂದುವರಿಸಬಹುದು, ಬಿಡಲೂಬಹುದು.

ಗಂಡ ದಿಮ್ಚೊ ಸರಕಿನ ದೋಣಿಯಲ್ಲಿ ವಿಯೆನ್ನಾದ ಹತ್ತಿರ ಎಲ್ಲೋ ಇದ್ದಾನೆ. ಅತ್ತೆ ಇದ್ದಾರೆ. ಮೂರು ಮಕ್ಕಳನ್ನು ಸಾಕಿದವರು. ಆದರೂ ಅವರಿಗಾಗಿ ಫ್ರಿಜ್ಜಿನ ಮೇಲೆ ಒಂದು ಪಟ್ಟಿ ಅಂಟಿಸಿದ್ದೇನೆ. ಹದಿನೇಳು ಅಂಶ. ಹನ್ನೊಂದನೆಯದು: "ಸೇಬು ತುರಿದೇ ಕೊಡಬೇಕು, ತುಂಡು ಬೇಡ." ಈಗ ಓದಿದರೆ ಹದಿನೆಂಟನೆಯದೊಂದು ಬೇಕು ಅನ್ನಿಸುತ್ತಿದೆ.

ಜನವರಿ ೯, ಮಂಗಳವಾರ

ನಾಲ್ಕೂವರೆ. ಮಗು ಮಲಗಿದೆ. ನಾನು ಕೂತಿದ್ದೇನೆ.

ನಿನ್ನೆಯ ದಿನ ಮುಗಿಯಿತು, ಯಾರೂ ಸಾಯಲಿಲ್ಲ. ಮನೆಗೆ ಏಳು ಸಲ ಫೋನ್ ಮಾಡಿದೆ. ಏಳನೆಯ ಸಲ ಅತ್ತೆ, "ಬಿಸೆರಾ, ಮಗು ಅಳ್ತಾ ಇರಲಿಲ್ಲ. ನಿನ್ನ ಫೋನಿನ ಸದ್ದಿಗೆ ಈಗ ಅಳ್ತಿದೆ," ಅಂದು ಇಟ್ಟುಬಿಟ್ಟರು.

ಪುರಸಭೆಯಲ್ಲಿ ನನ್ನನ್ನು ಸಿಬ್ಬಂದಿ ವಿಭಾಗದ ಝಿವ್ಕಾ ಎನ್ನುವವರ ಎದುರಿನ ಮೇಜಿಗೆ ಕೂರಿಸಿದರು. ಐವತ್ತೆಂಟರ ಹೆಂಗಸು, ಕತ್ತಿಗೆ ಕನ್ನಡಕದ ಸರಪಳಿ. ಕಚೇರಿಯಲ್ಲಿ ಎಲ್ಲರಿಗೂ, ಕಾರ್ಯದರ್ಶಿಗಳಿಗೂ, ಅವರು ಝಿವ್ಕಾ ಅಕ್ಕ.

"ಟೈಪ್ ಮಾಡೋಕೆ ಬರುತ್ತಾ?" ಅಂದರು.

"ಬರುತ್ತೆ."

"ಸುಳ್ಳು ಹೇಳೋಕೆ?"

"ಅಷ್ಟಾಗಿ ಇಲ್ಲ."

"ಕಲೀಬೇಡ. ಅದಕ್ಕೆ ಇಲ್ಲಿ ಬೇರೆ ಜನ ಇದಾರೆ."

ಕಾಫಿ ತರಲೇ ಎಂದು ಕೇಳಿದೆ. ಮೊದಲ ದಿನ ಹಾಗೆ ಕೇಳಬೇಕೆಂದು ಯಾರೋ ಹೇಳಿದ್ದರು. ಝಿವ್ಕಾ ಅಕ್ಕ ಕನ್ನಡಕ ಇಳಿಸಿ ನೋಡಿದರು. "ಮುಂಚೆ ಬೇಸಿಗೇಲಿ ಹುಡುಗೀರು ಪುಕ್ಕಟೆ ಬರ್ತಿದ್ರು. ಅವರ ಕೈಲಿ ಕಾಫಿನೇ ತರಿಸ್ತಿದ್ವಿ. ಬಿಡಿಗಾಸು ಕೊಡದೆ ಕೆಲಸ ಹೇಳೋಕೆ ನಮಗೇ ನಾಚಿಕೆ ಅಲ್ವಾ. ನಿನಗೆ ಸರ್ಕಾರ ದುಡ್ಡು ಕೊಡುತ್ತೆ, ತಾಯಿ. ನಿನ್ನ ಕೈಲಿ ಕೆಲಸ ಮಾಡಿಸ್ತೀನಿ."

ಮಾಡಿಸಿದರು. ಮಧ್ಯಾಹ್ನದವರೆಗೆ ನಲವತ್ತು ಕಡತ ಕಟ್ಟಿದೆ. ದಾರದ ಗುರುತು ಇನ್ನೂ ಬೆರಳ ಮೇಲಿದೆ.

ಜನವರಿ ೧೮, ಗುರುವಾರ

ಮೂರು ಇಪ್ಪತ್ತೈದು. ಹಲ್ಲಿನ ಜ್ವರ. ಮೂವತ್ತೆಂಟು ಪಾಯಿಂಟ್ ಎರಡು ಸೆಲ್ಸಿಯಸ್. ಹೋಗಲೋ ಬೇಡವೋ ಎಂದು ಮಧ್ಯರಾತ್ರಿಯಿಂದ ಲೆಕ್ಕ ಹಾಕುತ್ತಿದ್ದೇನೆ. ಅತ್ತೆ ನಿದ್ದೆಗಣ್ಣಲ್ಲೇ ಬಂದು ಮಗುವಿನ ಹಣೆ ಮುಟ್ಟಿ, "ಹಲ್ಲು ಬರೋದು ನಿನ್ನ ಮುಖ ನೋಡ್ಕೊಂಡಲ್ಲ. ನೀನು ಕೂತು ಕಾಯ್ದರೆ ಎರಡು ಬರುತ್ತಾ? ಮಲಕ್ಕೋ," ಅಂದರು.

ಹೋಗುತ್ತೇನೆ. ಹೋಗಬಾರದು. ಹೋಗುತ್ತೇನೆ.

ಫೆಬ್ರವರಿ ೨, ಶುಕ್ರವಾರ

ಐದು ಗಂಟೆ. ಇವತ್ತು ಎಬ್ಬಿಸಿದ್ದು ಮಗುವಲ್ಲ, ಒಂದು ಕಾಗದ.

ಅಂದರೆ ಕಾಗದದ ಯೋಚನೆ. ಚಳಿಗಾಲದ ಸೌದೆಗೆ ನೆರವು ಕೇಳಿದವರಿಗೆ ಕಚೇರಿ ಒಂದು ಉತ್ತರ ಕಳಿಸುತ್ತದೆ. ಇಪ್ಪತ್ತು ವರ್ಷದಿಂದ ಅದೇ ಮಾತು: "ನಿಯಮಾವಳಿಯ ಹನ್ನೆರಡನೇ ಕಲಮಿನ ಮೂರನೇ ಉಪಕಲಮಿಗೆ ಅನುಗುಣವಾಗಿ ಅರ್ಜಿಯಲ್ಲಿ ಕಂಡುಬಂದ ಕೊರತೆಗಳನ್ನು..." ಒಬ್ಬ ಮುದುಕರು ಅದೇ ಕಾಗದ ಹಿಡಿದುಕೊಂಡು ಈ ವಾರ ಮೂರನೆಯ ಸಲ ಬಂದರು. ಪ್ರತಿ ಸಲವೂ ಬೇರೆ ಬೇರೆ ದಾಖಲೆ ತಂದಿದ್ದರು, ಬೇಕಾದದ್ದೊಂದು ಬಿಟ್ಟು. ನಿನ್ನೆ ತಮ್ಮ ಮದುವೆಯ ಫೋಟೋ ತಂದಿದ್ದರು. "ಇನ್ನು ಮನೇಲಿ ಉಳಿದಿದ್ದು ಇದೊಂದೇ ಕಣಮ್ಮ," ಅಂದರು.

ಅವರು ಹೋದ ಮೇಲೆ ನಾನು ಒಂದು ಹಾಳೆಯಲ್ಲಿ ಬರೆದೆ: "ಅಜ್ಜ, ನಿಮ್ಮ ಅರ್ಜಿ ಸರಿಯಾಗಿದೆ. ಒಂದೇ ಒಂದು ಕಡಿಮೆ ಇದೆ: ಪಿಂಚಣಿಯ ಈ ತಿಂಗಳ ಚೀಟಿ. ಅದನ್ನು ಅಂಚೆಯಣ್ಣನ ಕೈಲಿ ಕಳಿಸಿದರೂ ಸಾಕು." "ಅಜ್ಜ" ಎನ್ನುವುದನ್ನು ಝಿವ್ಕಾ ಅಕ್ಕ ಹೊಡೆದುಹಾಕಿದರು. ಉಳಿದದ್ದನ್ನು ಕಾರ್ಯದರ್ಶಿಗಳ ಸಹಿಗೆ ಕಳಿಸಿಯೇಬಿಟ್ಟರು.

ಕಾರ್ಯದರ್ಶಿಗಳು ಬಾಗಿಲಿಗೆ ಬಂದು ನಿಂತರು. "ಯಾರು ಬರೆದದ್ದು ಇದು?"

"ಇಂಟರ್ನು," ಅಂದರು ಝಿವ್ಕಾ ಅಕ್ಕ, ತಲೆ ಎತ್ತದೆ.

"ಹೀಗೆ ಸಲೀಸಾಗಿ ಬರೆದ್ರೆ ಜನ ನಮ್ಮ ಕಾಗದ ಓದೋಕೆ ಶುರು ಮಾಡ್ತಾರೆ."

ಅದು ಬೈಗುಳವೋ ಹೊಗಳಿಕೆಯೋ ಗೊತ್ತಾಗಲಿಲ್ಲ. ಸಹಿ ಮಾಡಿದ್ದರು. ಇನ್ನು ಎರಡು ನಮೂನೆಯ ಕಾಗದಗಳಿವೆ, ಅವು ಇನ್ನೂ ಕೆಟ್ಟವು. ಅವನ್ನು ಹೇಗೆ ತಿದ್ದಬೇಕೆಂದು ಈಗ ಹೊಳೆಯಿತು, ಮರೆಯುವ ಮುಂಚೆ ಬರೆದಿಡುತ್ತೇನೆ.

ಫ್ರಿಜ್ಜಿನ ಮೇಲಿನ ಪಟ್ಟಿ ಒದ್ದೆಯಾಗಿ ಹರಿದಿದೆ. ಹೊಸದು ಬರೆಯಬೇಕು.

ಫೆಬ್ರವರಿ ೧೪, ಬುಧವಾರ

ಸಂಜೆ ಬರೆಯುತ್ತಿದ್ದೇನೆ. ಬೆಳಗ್ಗೆ ಎಚ್ಚರವಾದದ್ದು ಐದೂಮುಕ್ಕಾಲಿಗೆ. ಮೊನ್ನೆಯೂ ಹಾಗೇ ಆಗಿತ್ತು ಅನ್ನಿಸುತ್ತದೆ.

ಇವತ್ತು ದ್ರಾಕ್ಷಿ ಬಳ್ಳಿ ಸವರುವ ಹಬ್ಬ. ಅರ್ಧ ಪುರಸಭೆ ತೋಟಗಳಲ್ಲಿತ್ತು, ಉಳಿದರ್ಧ ತೋಟದಿಂದ ತಂದ ವೈನಿನ ಸುತ್ತ. ಕಾರ್ಯದರ್ಶಿಗಳು ತಲೆಗೆ ಬಳ್ಳಿಯ ಕಿರೀಟ ಸುತ್ತಿಕೊಂಡೇ ನಮ್ಮ ಕೋಣೆಗೆ ಬಂದು ಒಂದು ಸುತ್ತೋಲೆ ಇಟ್ಟರು. ಕಿರೀಟ ತೆಗೆಯಲು ಮರೆತಿದ್ದರು, ನಾವೂ ಹೇಳಲಿಲ್ಲ.

ಸುತ್ತೋಲೆಯ ಸಾರ: ಇಂಟರ್ನ್ ಜಾಗಗಳನ್ನು ದೇಶದಲ್ಲೆಲ್ಲ ಹೆಚ್ಚಿಸುತ್ತಾರೆ. ನಮ್ಮ ಊರಿಗೆ ಒಂದರ ಬದಲು ಐದು. ಸಂಬಳವೂ ಸ್ವಲ್ಪ ಏರುತ್ತದೆ, ಅವಧಿ ಒಂದು ವರ್ಷ. ಷರತ್ತು ಇಷ್ಟೆ: ಐವರೂ ಕಾಲೇಜಿನಲ್ಲಿ ಓದುತ್ತಿರಬೇಕು, ನಮ್ಮ ಪುರಸಭೆಯ ವ್ಯಾಪ್ತಿಯಲ್ಲಿ ವಾಸವಿರಬೇಕು, ಪ್ರತಿಯೊಬ್ಬರೂ ಕಾಗದದ ಮೇಲೆ ಕೈಯಾರೆ ಸಹಿ ಹಾಕಿರಬೇಕು. ಏಪ್ರಿಲ್ ಹನ್ನೆರಡರ ಮಧ್ಯಾಹ್ನದೊಳಗೆ ಐದು ಸಹಿ ಜಿಲ್ಲೆಗೆ ತಲುಪಬೇಕು. ನಾಲ್ಕು ತಲುಪಿದರೆ ನಾಲ್ಕು ಜಾಗ ಕೊಡುತ್ತಾರೆಂದಲ್ಲ. ಊರನ್ನೇ ಪಟ್ಟಿಯಿಂದ ತೆಗೆಯುತ್ತಾರೆ. ಆಗ ನನ್ನದೂ ಅಂದಿಗೇ ಮುಗಿಯುತ್ತದೆ.

"ನಮ್ಮೂರಲ್ಲಿ ಐದು ಜನ ವಿದ್ಯಾರ್ಥಿಗಳಾ?" ಅಂದರು ಕಾರ್ಯದರ್ಶಿಗಳು. "ಐದು ಜನ ಮೊಣಕಾಲು ನೋವಿಲ್ಲದೋರನ್ನ ಹುಡುಕೋದೇ ಕಷ್ಟ."

"ಒಬ್ಬಳು ಇಲ್ಲೇ ಕೂತಿದಾಳಲ್ಲ," ಅಂದರು ಝಿವ್ಕಾ ಅಕ್ಕ. ಸುತ್ತೋಲೆಯನ್ನು ನನ್ನ ಮೇಜಿಗೆ ದಾಟಿಸಿದರು. "ಉಳಿದ ನಾಲ್ವರನ್ನ ಅವಳೇ ತರ್ತಾಳೆ. ಬಿಸೆರಾ, ಇದು ನಿನ್ನ ಕೆಲಸ. ನನ್ನನ್ನ ಏನೂ ಕೇಳ್ಬೇಡ, ನಾನು ಇವತ್ತು ಕುಡಿದಿದೀನಿ."

ಮಾರ್ಚ್ ೧, ಶುಕ್ರವಾರ

ಊಟದ ವಿರಾಮ. ಎಲ್ಲರ ಮಣಿಕಟ್ಟಿನಲ್ಲೂ ವಸಂತ ಬಂತೆಂದು ಶುಭಕ್ಕೆ ಕಟ್ಟುವ ಕೆಂಪು-ಬಿಳಿ ದಾರ. ನನ್ನ ಕೈಗೆ ಒಂಬತ್ತು ಕಟ್ಟಿದ್ದಾರೆ, ಸಾಗುವಳಿ ಚೀಟಿಗೆ ಬಂದ ಅಜ್ಜಿಯೊಬ್ಬರೂ ಕಟ್ಟಿ ಹೋದರು. ಬೆಳಗ್ಗೆ ಆಸೆನ್‌ಗೆ ಕಟ್ಟಿದ್ದನ್ನು ಅವನು ತಿನ್ನಲು ನೋಡಿದ. ಅತ್ತೆ ಬಾಯಿಂದ ಎಳೆದು ತೆಗೆದು, ಅವನ ಕೈಗೆ ಸಿಗದ ಹಾಗೆ ಬೆನ್ನಿಗೆ ಪಿನ್ನು ಹಾಕಿದರು.

ಇಬ್ಬರು ಸಿಕ್ಕಿದ್ದಾರೆ. ಬೇಕರಿಯಲ್ಲಿ ಕೆಲಸ ಮಾಡುತ್ತ ಲೆಕ್ಕಶಾಸ್ತ್ರ ಓದುವವಳು ಒಬ್ಬಳು. ಅವಳ ಕೈಲಿ ಅರ್ಜಿ ಕೊಟ್ಟಾಗ ಒಲೆಯ ಮುಂದೆ ನಿಂತೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಪುರಸಭೆ ಕೆಲಸಾನಾ? ನೀನು ಯಾರ ಸಂಬಂಧಿ?"

"ಯಾರ ಸಂಬಂಧಿಯೂ ಅಲ್ಲ."

"ಹಾಗಾದ್ರೆ ಹೇಗೆ ಸಿಕ್ತು?"

"ಅರ್ಜಿ ಹಾಕಿದೆ, ಸಿಕ್ತು."

"ಅಷ್ಟೇನಾ?"

"ಅಷ್ಟೆ."

ಅವಳು ಹಿಂದೆ ತಿರುಗಿ ಒಳಗಿದ್ದವರಿಗೆ, "ಇಲ್ಲಿ ಕೇಳ್ರೇ, ಇವಳು ಅರ್ಜಿ ಹಾಕಿದ್ಳಂತೆ, ಸಿಕ್ತಂತೆ," ಅಂದಳು. ಒಳಗೆ ಎಲ್ಲ ನಕ್ಕರು. ನಾನೂ ನಕ್ಕೆ. ಚೀಸು ತುಂಬಿ ಸುಟ್ಟ ಬಿಸಿ ಬನಿತ್ಸಾ ಒಂದು ಕಾಗದದಲ್ಲಿ ಸುತ್ತಿ ಕೊಟ್ಟು, ಅದರ ಬೆಣ್ಣೆ ಅರ್ಜಿಗೆ ಹತ್ತದ ಹಾಗೆ ಸಹಿ ಮಾಡಿದಳು. ಎರಡನೆಯವರು ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುತ್ತ ಕೃಷಿ ಓದುವವರು. ನಮ್ಮ ಜಮೀನು ವಿಭಾಗಕ್ಕೆ ಅಂಥವರೇ ಬೇಕಿತ್ತು. ಅಲ್ಲಿ ಈಗ ಇರುವವರಿಗೆ ನಕ್ಷೆ ಬಿಡಿಸಲು ಬರುತ್ತದೆ, ಮಡಿಸಲು ಬರುವುದಿಲ್ಲ.

ಮಾರ್ಚ್ ೧೩, ಬುಧವಾರ

ಆಸೆನ್ ನಡೆದ!

ಸಂಜೆ ನಾನು ಬಾಗಿಲು ತೆರೆದು ಒಳಗೆ ಬರುತ್ತಿದ್ದಂತೆ ಅತ್ತೆ ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, "ನೋಡು ನೋಡು, ಇವತ್ತು ಏನೋ ಮಾಡೋ ಹಾಗೆ ಕಾಣ್ತಾನೆ," ಅಂದರು. ನಾನು ಕೋಟು ಬಿಚ್ಚುವುದರೊಳಗೆ ಗೋಡೆ ಬಿಟ್ಟು ನೆಟ್ಟಗೆ ಆರು ಹೆಜ್ಜೆ ಬಂದು ನನ್ನ ಮೊಣಕಾಲು ಹಿಡಿದ. ಆರು! ಮೊದಲ ಸಲಕ್ಕೆ ಆರು ಹೆಜ್ಜೆ ಯಾವ ಮಗು ಇಡುತ್ತದೆ? ಎಲ್ಲೂ ತೂರಾಡಲಿಲ್ಲ. ಇದು ದಿಮ್ಚೊನ ಕಡೆಯವರ ಕಾಲು, ಹಡಗಿನವರ ಕಾಲು. ಕಾಲುಚೀಲದ ಅಡಿಯೆಲ್ಲ ಮಣ್ಣುಗಪ್ಪು. ಅದನ್ನು ತೊಳೆಯಲು ಹಾಕಿದೆ.

ಅತ್ತೆಯ ಕಣ್ಣು ತುಂಬಿತ್ತು. "ನೀನು ಬರೋಕೇ ಕಾಯ್ತಿದ್ದ," ಅಂದರು. ಎರಡು ಸಲ ಅಂದರು.

ಭಾನುವಾರ ದೊಡ್ಡ ದಪ್ಪ ರೊಟ್ಟಿ ಸುಟ್ಟು ಅವನ ಮುಂದೆ ಸಾಮಾನುಗಳನ್ನು ಹರಡಿ, ಯಾವುದನ್ನು ಹಿಡಿಯುತ್ತಾನೋ ಆ ಕಸುಬು ಅವನಿಗೆ ಎನ್ನುವ ಶಾಸ್ತ್ರ. ಝಿವ್ಕಾ ಅಕ್ಕನನ್ನೂ ಕರೆದಿದ್ದೇನೆ.

ಮಾರ್ಚ್ ೧೭, ಭಾನುವಾರ

ಪೆನ್ನು, ಕತ್ತರಿ, ಸುತ್ತಿಗೆ, ದುಡ್ಡು, ದಿಮ್ಚೊನ ದೋಣಿಯ ಹಗ್ಗ, ಪುಸ್ತಕ ಎಲ್ಲ ಇಟ್ಟಿದ್ದೆವು. ಝಿವ್ಕಾ ಅಕ್ಕ ಹಳೆಯ ರಬ್ಬರ್ ಸೀಲೊಂದನ್ನು ತಂದು ಎಲ್ಲರ ಕಣ್ಣಿಗೆ ಬೀಳುವ ಹಾಗೆ ನಡುವೆ ಇಟ್ಟರು. ಆಸೆನ್ ಯಾವುದನ್ನೂ ನೋಡದೆ ನೇರ ರೊಟ್ಟಿಯ ಮೇಲೆ ಹೋಗಿ ಕೂತ.

"ಕುರ್ಚಿ ಕಂಡ ಕೂಡ್ಲೆ ಕೂರ್ತಾನೆ," ಅಂದರು ಝಿವ್ಕಾ ಅಕ್ಕ. "ಪುರಸಭಾಧ್ಯಕ್ಷ ಆಗ್ತಾನೆ ಬಿಡು."

"ನನ್ನ ಮೊಮ್ಮಗನಿಗೆ ಶಾಪ ಹಾಕ್ಬೇಡಿ," ಅಂದರು ಅತ್ತೆ. ಕೂತ ಭಾಗ ಬಿಟ್ಟು ಉಳಿದ ರೊಟ್ಟಿಯನ್ನು ಜೇನು ಹಚ್ಚಿ ತಿಂದೆವು.

ಮೂರನೆಯ ಸಹಿಯೂ ಆಯಿತೆಂದು ಬರೆಯುವುದು ಮರೆತಿದ್ದೆ. ನನ್ನನ್ನೂ ಸೇರಿಸಿದರೆ ನಾಲ್ಕು. ಇನ್ನೊಂದೇ.

ಮಾರ್ಚ್ ೨೧, ಗುರುವಾರ

ಐದನೆಯ ಅರ್ಜಿ ತಾನಾಗಿಯೇ ಅಂಚೆಯಲ್ಲಿ ಬಂದಿದೆ. ವೆಲಾ ತೊದೊರೊವಾ ಕಾನೆವಾ, ಹದಿನಾಲ್ಕು ಕಿಲೋಮೀಟರ್ ಆಚೆಯ ಹಳ್ಳಿ, ಕಾನೂನು ವಿದ್ಯಾರ್ಥಿನಿ. "ಈ ಕೆಲಸ ಯಾಕೆ ಬೇಕು?" ಎನ್ನುವಲ್ಲಿ ಎಲ್ಲರೂ ಸೇವೆ, ದೇಶ, ಅನುಭವ ಎಂದು ಬರೆಯುತ್ತಾರೆ. ಇವಳು ಬರೆದದ್ದು: "ನಮ್ಮ ಊರಿನಲ್ಲಿ ಬಾವಿಯ ಪಂಪಿಗೆ ಅರ್ಜಿ ಕೊಟ್ಟು ಎರಡು ವರ್ಷವಾಯಿತು. ಅದು ಯಾರ ಮೇಜಿನ ಮೇಲೆ ನಿಂತಿದೆ ಎಂದು ನೋಡುವ ಆಸೆ." ಝಿವ್ಕಾ ಅಕ್ಕ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಆಮೇಲೆ ತಮ್ಮ ಮೇಜಿನ ಮೂಲೆಯ ಕಡತಗಳನ್ನೊಮ್ಮೆ ಎತ್ತಿ ಕೆಳಗೆ ನೋಡಿದರು.

ಫೋನ್ ಮಾಡಿದೆ. ಸ್ವಿಚ್ ಆಫ್.

ಮಾರ್ಚ್ ೨೭, ಬುಧವಾರ

ಬರೆಯಲು ಮನಸ್ಸಿಲ್ಲ. ಆದರೂ.

ಆರು ದಿನ ಅವಳ ಫೋನು ಹತ್ತಲಿಲ್ಲ. ಇವತ್ತು ಮಧ್ಯಾಹ್ನದ ಬಸ್ಸಿಗೆ ನಾನೇ ಆ ಹಳ್ಳಿಗೆ ಹೋದೆ. ಶಾಲೆಯ ಹಿಂದಿನ ಮೂರನೆಯ ಓಣಿ, ಹಸಿರು ಗೇಟು. ಬಾಗಿಲಿಗೆ ಕಪ್ಪು ಪಟ್ಟಿ ಕಟ್ಟಿತ್ತು. ಅದರ ಕೆಳಗೆ, ತೀರಿಕೊಂಡವರ ಹೆಸರು ಫೋಟೋ ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸುವ ಸಾವಿನ ಹಾಳೆ. ಪ್ಲಾಸ್ಟಿಕ್ಕಿನೊಳಗೆ ಮಳೆನೀರು ಇಳಿದು ಕೆಳಗಿನ ಸಾಲುಗಳ ಮಸಿಯೆಲ್ಲ ಹರಿದುಹೋಗಿತ್ತು. ಮೇಲಿನದಷ್ಟೇ ನೆಟ್ಟಗಿತ್ತು. ಹೆಸರು: ವೆಲಾ ತೊದೊರೊವಾ ಕಾನೆವಾ. ಮೂರೂ ಹೆಸರು ಅವೇ: ಸ್ವಂತದ್ದು, ಅಪ್ಪನದು, ಮನೆತನದ್ದು. ಫೋಟೋದಲ್ಲಿ ಒಬ್ಬ ಹುಡುಗಿ, ಬಿಳಿ ಕಾಲರು, ಎರಡು ಜಡೆಯನ್ನು ತಲೆಯ ಸುತ್ತ ಸುತ್ತಿದ್ದಳು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ.

ಬಾಗಿಲು ತಟ್ಟಲಿಲ್ಲ. ಸೂತಕದ ಮನೆಯವರಿಗೆ ಅರ್ಜಿಯ ಕಾಗದ ಚಾಚುವುದೇ? ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ. ಅಂಗಳದಲ್ಲಿ ಬಾವಿಯಿತ್ತು.

ಕಚೇರಿಗೆ ಬಂದು ಹೇಳಿದೆ. "ಬಾಗಿಲ ಮೇಲೆ ಇತ್ತಾ?" ಅಂದರು ಝಿವ್ಕಾ ಅಕ್ಕ.

"ಇತ್ತು."

"ಹಾಗಾದ್ರೆ ಮುಗೀತು." ಕನ್ನಡಕ ತೆಗೆದು ಒರೆಸಿಕೊಂಡರು. "ಎಳೇ ಮಗು."

ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಸಣ್ಣ ಗೆರೆ ಎಳೆದೆ. ಅಡಿಪಟ್ಟಿ ಇಟ್ಟು ಎಳೆದೆ, ನೆಟ್ಟಗೆ ಇರಲಿ ಎಂದು.

ಏಪ್ರಿಲ್ ೪, ಗುರುವಾರ

ಐದನೆಯವರಿಲ್ಲ. ಓದುವವರೆಲ್ಲ ಸೋಫಿಯಾದಲ್ಲೋ ಜರ್ಮನಿಯಲ್ಲೋ ಇದ್ದಾರೆ, ಇಲ್ಲಿರುವವರು ಓದುವುದಿಲ್ಲ. ಕ್ಷೌರದ ಅಂಗಡಿ, ಧಾನ್ಯದ ಗೋದಾಮು, ಎರಡು ಚರ್ಚು, ಎಲ್ಲ ಕಡೆ ಕೇಳಿಬಂದೆ. ಪಾದ್ರಿಗಳು ತಾವೇ ಧರ್ಮಶಾಸ್ತ್ರ ಎಂ.ಎ.ಗೆ ಸೇರಬಹುದೆಂದರು, ಅಕ್ಟೋಬರಿನಲ್ಲಿ.

ಅತ್ತೆ ರಾತ್ರಿ ಊಟಕ್ಕೆ ಕೂತಾಗ, "ಹೋದ್ರೆ ಹೋಗ್ಲಿ, ಬಿಸೆರಾ. ಮನೇಲಿ ಮಗು ಇದೆ, ಓದು ಇದೆ. ಮೂರು ತಿಂಗಳ ಹಿಂದೆ ನೀನೇ ಅಳ್ತಾ ಹೋಗಿದ್ದೆ," ಅಂದರು.

ನಾನು ಅಳುತ್ತಾ ಹೋಗಿದ್ದೆನೇ? ಇರಲಾರದು. ಸ್ವಲ್ಪ ಆತಂಕವಿತ್ತು, ಅಷ್ಟೆ. ನಮ್ಮ ಸೌದೆ ನೆರವಿನ ಹೊಸ ನಮೂನೆಗೆ ಜಿಲ್ಲೆಯಿಂದ ಒಪ್ಪಿಗೆ ಬಂದ ಬೆನ್ನಿಗೇ ನನ್ನ ಕೆಲಸ ಹೋಗುವುದಾದರೆ ಅದು ಅನ್ಯಾಯ ಎಂದೆ. ಅತ್ತೆ ನನ್ನ ತಟ್ಟೆಗೆ ಇನ್ನೊಂದು ಮೆಣಸಿನಕಾಯಿ ಹಾಕಿದರು.

ಫ್ರಿಜ್ಜಿನ ಮೇಲೆ ಈಗ ಐದು ಸಹಿಯ ಪಟ್ಟಿ ಅಂಟಿಸಿದ್ದೇನೆ. ನಾಲ್ಕಕ್ಕೆ ಗುರುತು ಹಾಕಿದೆ.

ಏಪ್ರಿಲ್ ೧೧, ಗುರುವಾರ

ಮೊದಲಿನಿಂದ ಬರೆಯುತ್ತೇನೆ.

ನೆಲಮಹಡಿಯ ಜನನ-ಮರಣ ವಿಭಾಗದವರು ರಜೆ. ಅವರ ಕಿಟಕಿಗೆ ನನ್ನನ್ನು ಕೂರಿಸಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ ಲಾರಿ ಚಾಲಕರ ಜಾಕೆಟ್ಟು ತೊಟ್ಟ ಐವತ್ತರ ಗಂಡಸು ಬಂದು ವಾರಸುದಾರರ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟರು. ಮೃತರ ಹೆಸರು ವೆಲಾ ತೊದೊರೊವಾ ಕಾನೆವಾ. ಅರ್ಜಿದಾರರು ತೊದೊರ್ ಕಾನೆವ್.

ಕೆಲಸದ ಮಧ್ಯೆ ಹಾಗೆ ಮಾತಾಡಬಾರದೇನೋ. ಮಾತಾಡಿದೆ. "ನಿಮ್ಮ ಮಗಳ ಸುದ್ದಿ ಕೇಳಿ ತುಂಬಾ ಸಂಕಟ ಆಯ್ತು ಸಾರ್. ಅವರ ಅರ್ಜಿ ನಾನು ಓದಿದ್ದೆ. ಎಷ್ಟು ಚೆನ್ನಾಗಿ ಬರೆದಿದ್ರು."

"ಯಾರ ಮಗಳು?"

"ನಿಮ್ಮ ಮಗಳು... ವೆಲಾ."

"ನನ್ನ ಮಗಳು ಹೊಲಿಗೆ ಕಾರ್ಖಾನೇಲಿ ಕೂತು ಅಂಗಿ ತೋಳು ಹೊಲೀತಾ ಇರ್ತಾಳೆ. ಸತ್ತಿದ್ದು ನಮ್ಮಮ್ಮ."

ನಾನು ಅರ್ಜಿ ನೋಡಿದೆ. ಹುಟ್ಟಿದ ವರ್ಷ, ಸಾವಿರದ ಒಂಬೈನೂರ ನಲವತ್ತೊಂದು.

"ಮೂರು ಹೆಸರೂ ಒಂದೇ..." ಅಂದೆ.

"ಮತ್ತೆ? ಅಮ್ಮನ ಅಪ್ಪ ತೊದೊರ್. ಅವರ ಹೆಸರು ನನಗಿಟ್ರು. ಅಮ್ಮನ ಹೆಸರು ನನ್ನ ಮಗಳಿಗಿಟ್ವಿ. ಎಲ್ರೂ ಮಾಡೋದು ಅದೇ ತಾನೆ. ನಿನಗೆ ಮಕ್ಕಳಿದ್ರೆ ಹೇಳು, ಯಾರ ಹೆಸರಿಟ್ಟೆ?"

"ನಮ್ಮ ಮಾವನದು," ಅಂದೆ. "ಆದ್ರೆ ಬಾಗಿಲ ಮೇಲಿನ ಫೋಟೋ?"

"ಮದುವೆಗೆ ಮುಂಚಿಂದು. ಆಮೇಲೆ ಅಮ್ಮ ಕ್ಯಾಮೆರಾ ಮುಂದೆ ನಿಂತಿದ್ದೇ ಇಲ್ಲ." ಅವರು ಕಿಟಕಿಗೆ ಮೊಣಕೈ ಊರಿ ಬಗ್ಗಿದರು. "ಅಂದ್ರೆ ಪುರಸಭೆಯವರು ನನ್ನ ಮಗಳನ್ನ ಸತ್ತೋರ ಪಟ್ಟಿಗೆ ಸೇರಿಸಿದ್ರಾ?"

"ಇಲ್ಲ ಸಾರ್. ಬದುಕಿರೋರ ಪಟ್ಟಿಯಿಂದ ತೆಗೆದ್ವಿ. ಅಷ್ಟೆ."

"ಓ, ಅಷ್ಟೇನಾ," ಅಂದರು. ನಗಬೇಕೋ ಜಗಳ ತೆಗೆಯಬೇಕೋ ಎಂದು ಅವರ ಮೀಸೆ ಸ್ವಲ್ಪ ಹೊತ್ತು ಯೋಚಿಸಿತು. ಕೊನೆಗೆ ನಕ್ಕರು. ಮೂರು ವಾರದಿಂದ ನಕ್ಕಿರಲಿಲ್ಲ ಅಂದರು.

ಮಗಳ ನಂಬರು ಕೇಳಿದೆ. ಇಲ್ಲ. ಅಜ್ಜಿಯ ಮನೆ ಮಾರುವ ಮಾತಿಗೆ ಅಪ್ಪ-ಮಗಳಿಗೆ ಬಿರುಕು ಬಿದ್ದು, ಅವಳು ನಂಬರು ಬದಲಾಯಿಸಿದ್ದಾಳೆ. ಅದೇ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಎರಡನೇ ಶಿಫ್ಟ್ ಮುಗಿಸಿ ಕಾರ್ಖಾನೆಯ ಬಸ್ಸಿನಲ್ಲಿ ರಾತ್ರಿ ಹನ್ನೊಂದಕ್ಕೆ ಬರುತ್ತಾಳೆ. ನಾಳೆ ಬೆಳಗ್ಗೆ ಐದರ ಬಸ್ಸಿಗೆ ವೆಲಿಕೊ ತರ್ನೊವೊ ನಗರಕ್ಕೆ ಪರೀಕ್ಷೆಗೆ ಹೋಗುತ್ತಾಳೆ, ಬರುವುದು ಶನಿವಾರ. ಸಹಿ ಬೇಕಾದದ್ದು ನಾಳೆ ಮಧ್ಯಾಹ್ನಕ್ಕೆ. ಕಾರ್ಖಾನೆಗೆ ಫೋನ್ ಮಾಡಿದೆ. ಶಿಫ್ಟಿನಲ್ಲಿರುವವರನ್ನು ಕರೆಯುವುದಿಲ್ಲ, ಸಂದೇಶವನ್ನೂ ತೆಗೆದುಕೊಳ್ಳುವುದಿಲ್ಲವಂತೆ.

ಮೆಟ್ಟಿಲು ಹತ್ತಿ ಓಡಿದೆ. ಝಿವ್ಕಾ ಅಕ್ಕ ಎಲ್ಲ ಕೇಳಿ ಪೆನ್ನು ಕೆಳಗಿಟ್ಟರು. "ಮರಣದ ದಾಖಲೆ ಒಂದು ಮಹಡಿ ಕೆಳಗಿದೆ," ಅಂದರು. "ಮೂವತ್ತು ವರ್ಷದಿಂದ ಇಲ್ಲಿದೀನಿ. ಇಳಿದು ನೋಡ್ಬೇಕು ಅಂತ ನನಗೂ ಅನ್ನಿಸಲಿಲ್ಲ ನೋಡು. ಬಾಗಿಲು ಹೇಳಿದ್ಮೇಲೆ ಇನ್ನೇನು ಅಂತ."

"ನಾಳೆ ನಾಲ್ಕು ಗಂಟೆಗೇ ಹೋಗಿ ಅವಳ ಬಾಗಿಲು ಬಡೀತೀನಿ ಅಕ್ಕ."

"ಬೇಡ. ಪುರಸಭೆ ಒಂದು ಸಲ ಅವಳನ್ನ ಕೇಳದೇನೇ ಸಾಯಿಸಿದೆ. ಈಗ ಕೇಳದೇನೇ ಕೆಲಸಕ್ಕೂ ಎಳ್ಕೊಂಡು ಬರೋದು ಬೇಡ. ಸೂತಕದ ಮನೆ, ಒಂಟಿ ಹುಡುಗಿ. ಬರೆದು ಅಂಟಿಸು. ಬಾ ಅಂದ್ರೆ ಹೋಗೋಣ. ನಮ್ಮೆಜಮಾನರ ಕಾರಿದೆ."

ಸಂಜೆ ಆ ಕಾರಿನಲ್ಲೇ ಹೋಗಿ ಅಂಟಿಸಿ ಬಂದೆ. ಬರುವಷ್ಟರಲ್ಲಿ ಅತ್ತೆ ಆಸೆನ್‌ಗೆ ಊಟ ಮಾಡಿಸಿ ಮಲಗಿಸಿದ್ದರು. ಸೇಬು ತುಂಡು ಮಾಡಿ ಕೊಟ್ಟಿದ್ದರು, ತಟ್ಟೆಯಲ್ಲಿ ಸಿಪ್ಪೆ ಇತ್ತು. ಅವರು ಬಡಿಸಿದ ಬೀನ್ಸ್ ಸಾರು ಎರಡು ಸಲ ಹಾಕಿಸಿಕೊಂಡೆ. ಏನು ಬರೆದು ಬಂದೆ ಎಂದು ನಾಳೆ ಝಿವ್ಕಾ ಅಕ್ಕ ಕೇಳುತ್ತಾರೆ. ನೆನಪಿರುವಾಗಲೇ ಇಲ್ಲಿ ಇಳಿಸಿಕೊಳ್ಳುತ್ತೇನೆ.

*

ವೆಲಾ ತೊದೊರೊವಾ ಅವರಿಗೆ,

ನಿಮ್ಮ ಅಜ್ಜಿಯ ಹಾಳೆಯ ಪಕ್ಕದಲ್ಲಿ ಇದನ್ನು ಅಂಟಿಸಿದ್ದಕ್ಕೆ ಕ್ಷಮಿಸಿ. ನಿಮ್ಮ ಬಾಗಿಲಲ್ಲಿ ಬೇರೆ ಜಾಗ ಒಣಗಿರಲಿಲ್ಲ.

ನಾನು ಬಿಸೆರಾ, ಪುರಸಭೆಯ ಇಂಟರ್ನ್. ಎರಡು ವಾರದ ಹಿಂದೆ ಇದೇ ಬಾಗಿಲಿನವರೆಗೆ ಬಂದಿದ್ದೆ. ಹಾಳೆಯಲ್ಲಿ ನಿಮ್ಮ ಹೆಸರು ಓದಿ, ಫೋಟೋ ನೋಡಿ, ನೀವೇ ತೀರಿಕೊಂಡಿರೆಂದು ತಿಳಿದು, ತಟ್ಟದೆ ಹೋದೆ. ನಿಮ್ಮ ಹೆಸರನ್ನು ಪಟ್ಟಿಯಿಂದ ಹೊಡೆದವಳು ನಾನೇ. ತಪ್ಪು ನನ್ನದು. ಅಜ್ಜಿ ಅಷ್ಟು ಚೆಲುವೆಯಾಗಿದ್ದರೆನ್ನುವುದು ಅದಕ್ಕೆ ನೆಪವಲ್ಲ, ಆದರೆ ನಿಜ.

ನಿಮಗೆ ಕೆಲಸವಿದೆ. ಒಂದು ವರ್ಷ, ದಿನಕ್ಕೆ ಆರು ಗಂಟೆ, ಪ್ರತಿ ತಿಂಗಳು ಸಂಬಳ. ಪರೀಕ್ಷೆಗೆ ರಜೆಯೂ ಉಂಟು. ನಾವು ಐವರು ಬೇಕು, ನಾಲ್ವರಿದ್ದೇವೆ. ನಾಳೆ ಮಧ್ಯಾಹ್ನದೊಳಗೆ ನಿಮ್ಮ ಸಹಿ ಬರದಿದ್ದರೆ ಯಾರಿಗೂ ಇಲ್ಲ, ಮುಂದಿನ ವರ್ಷ ಈ ಊರಿನಲ್ಲಿ ಓದುವವರಿಗೂ ಇಲ್ಲ. ಇದನ್ನು ನಿಮ್ಮ ಮೇಲೆ ಹೇರಲು ಹೇಳುತ್ತಿಲ್ಲ. ಬೇಡವೆನ್ನಿಸಿದರೆ ಬೇಡ ಎನ್ನಿ. ಆದರೆ ಕೇಳದೆ ಬಿಟ್ಟರು ಎಂದು ಆಗಬಾರದು. ಬಾವಿಯ ಪಂಪಿನ ಅರ್ಜಿ ಮೂರನೆಯ ಮಹಡಿಯಲ್ಲಿದೆ, ಹುಡುಕಿದೆ. ಅದರ ಮೇಲೆ ಇನ್ನೂ ಹನ್ನೆರಡು ಊರಿನ ಅರ್ಜಿಗಳು ಕೂತಿವೆ. ಎತ್ತಲು ಒಬ್ಬರು ಸಾಲದು.

ನೀವು ಹೂಂ ಅಂದರೆ ನಾಲ್ಕೂವರೆಗೆ ಕಾರಿನಲ್ಲಿ ಬರುತ್ತೇವೆ. ಕಾರಿನ ಬಾನೆಟ್ಟಿನ ಮೇಲೆ ಸಹಿ ಹಾಕಿ, ಬಸ್ಸಿನ ಬದಲು ನಾವೇ ನಿಮ್ಮನ್ನು ತರ್ನೊವೊಗೆ ಬಿಡುತ್ತೇವೆ. ನೀವು ಕರೆಯದೆ ಬರುವುದಿಲ್ಲ.

ನನ್ನ ನಂಬರು ಕೆಳಗಿದೆ. ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ, ಯಾವ ಹೊತ್ತಾದರೂ ಸರಿ. ಮಗು ಏಳುತ್ತದೆಂದು ಯೋಚಿಸಬೇಡಿ, ಅವನು ಏಳುವುದಿಲ್ಲ. ನನ್ನದೂ ಗಾಢ ನಿದ್ದೆ. ಎರಡು ಸಲ ಬಡಿದು ಇಟ್ಟುಬಿಡಬೇಡಿ, ನಾನು ಎತ್ತುವವರೆಗೂ ಬಡಿಯಲು ಬಿಡಿ. ಬೆಳಗಾದ ಮೇಲೆ ಮಾಡಿ ಪ್ರಯೋಜನವಿಲ್ಲ. ದಯವಿಟ್ಟು, ವೆಲಾ, ಬೆಳಗಾಗುವ ಮೊದಲು ಫೋನ್ ಮಾಡಿ.